ಕಾಲಿನ ಊತಕ್ಕೆ ಡಯಾಸ್ಮಿನ್ ಒಳ್ಳೆಯದಾ, ಎಸ್ಸಿನ್ ಒಳ್ಳೆಯದಾ?

ಎರಡೂ ಗಿಡಮೂಲದ ಔಷಧಗಳೇ. ಸಣ್ಣ ರಕ್ತನಾಳಗಳಿಂದ ನೀರು ಸೋರುವುದು ಕಡಿಮೆಯಾಗಲಿ ಅಂತಲೇ ಎರಡನ್ನೂ ಕೊಡುತ್ತಾರೆ.

ಡಯಾಸ್ಮಿನ್ ಮಾತ್ರೆಯಲ್ಲಿ ಸಾಮಾನ್ಯವಾಗಿ 450 ಮಿ.ಗ್ರಾಂ ಡಯಾಸ್ಮಿನ್ ಜೊತೆ ಕಿತ್ತಳೆ ಜಾತಿಯ ಹಣ್ಣಿನಲ್ಲಿರುವ ಹೆಸ್ಪೆರಿಡಿನ್ 50 ಮಿ.ಗ್ರಾಂ ಇರುತ್ತದೆ. ಈ ಗುಂಪಿನ ಔಷಧಗಳಿಂದ ಊತ ಸ್ವಲ್ಪ ಇಳಿಯುತ್ತದೆ ಎನ್ನುತ್ತದೆ 2020ರ ಕೊಕ್ರೇನ್ ವಿಮರ್ಶೆ (ಹಲವು ಪ್ರಯೋಗಗಳನ್ನು ಒಟ್ಟಿಗೆ ಅಳೆದು ನೋಡುವ ವರದಿ). ಸ್ವಲ್ಪ ಅಷ್ಟೇ, ಪವಾಡ ಏನಲ್ಲ. ಸಿರೆಗಳ ತೊಂದರೆಯಿಂದ ಕಾಲಿನಲ್ಲಾಗುವ ಹುಣ್ಣು ಮಾಯುವುದರಲ್ಲಿ ಹೆಚ್ಚೇನೂ ವ್ಯತ್ಯಾಸ ಕಾಣಲಿಲ್ಲ. ಕೆಲವರಿಗೆ ಹೊಟ್ಟೆ ಕೆಡುತ್ತದೆ.

ಎಸ್ಸಿನ್ ಸಿಗುವುದು ಹಾರ್ಸ್ ಚೆಸ್ಟ್‌ನಟ್ ಎಂಬ ಮರದ ಬೀಜದಿಂದ. 2012ರ ಕೊಕ್ರೇನ್ ವಿಮರ್ಶೆ 17 ಪ್ರಯೋಗಗಳನ್ನು ನೋಡಿತ್ತು. ನೋವು, ಊತ ಎರಡೂ ತಗ್ಗಿದ್ದವು. ಆದರೆ ಅವೆಲ್ಲ ಕಡಿಮೆ ಅವಧಿಯ ಪ್ರಯೋಗಗಳು. ಹಸಿ ಬೀಜ ಮಾತ್ರ ವಿಷ, ಮುಟ್ಟಲೇಬೇಡಿ.

ಕೆಲವು ವಾರ ನೋವು ತಗ್ಗಿದರೆ ಸಾಕು ಅನ್ನುವವರಿಗೆ ನನ್ನ ಆಯ್ಕೆ ಎಸ್ಸಿನ್. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ಮೊದಲು ಡಾಕ್ಟರನ್ನು ಕೇಳಿ. ಒಂದೇ ಕಾಲು ದಿಢೀರ್ ಊದಿದರೆ ಎರಡೂ ಬೇಡ, ಅದು ರಕ್ತ ಹೆಪ್ಪುಗಟ್ಟಿದ್ದಿರಬಹುದು. ತಕ್ಷಣ ಆಸ್ಪತ್ರೆಗೆ ಹೋಗಿ.