ನೀನಾಸಂ ತಿರುಗಾಟ: ಟೈಲರ್ ಅಂಗಡಿಯಿಂದ ಕಂಡಿದ್ದು

ದಸರಾ ಮುಗಿಯಿತು ಅಂದರೆ ನನ್ನ ಅಂಗಡಿಗೆ ಬರುವವರು ಎರಡು ಪ್ರಶ್ನೆ ಕೇಳುತ್ತಾರೆ. ದೀಪಾವಳಿಗೆ ಬ್ಲೌಸ್ ಕೊಡ್ತೀರಾ ಅಕ್ಕ? ಈ ಸಲ ನಾಟಕ ಯಾವಾಗ?

ನಮ್ಮದು ಚಿಕ್ಕಮಗಳೂರು ಜಿಲ್ಲೆಯ ಒಂದು ಸಣ್ಣ ಊರು. ಬಸ್ ಸ್ಟ್ಯಾಂಡ್ ಎದುರಿನ ಸಾಲಿನಲ್ಲಿ ನನ್ನ ಹೊಲಿಗೆ ಅಂಗಡಿ. ನೀನಾಸಂ ತಿರುಗಾಟದ ನಾಟಕಗಳನ್ನು ನಮ್ಮೂರಿಗೆ ಮೊದಲು ತರಿಸಿದವರು ನನ್ನ ಚಿಕ್ಕಪ್ಪ. ಅವರಿಗೆ ಮಂಡಿ ನೋವು ಜಾಸ್ತಿಯಾಗಿ ಓಡಾಟ ನಿಂತ ಮೇಲೆ ಟಿಕೆಟ್ ಬುಕ್ಕು ನನ್ನ ಕೈಗೆ ಬಂತು. ಅಳತೆ ಬರೆಯುವ ಪುಸ್ತಕದ ಪಕ್ಕದಲ್ಲೇ ಅದನ್ನು ಇಟ್ಟುಕೊಳ್ಳುತ್ತೇನೆ.

ಹೋದ ವಾರ ಪಕ್ಕದ ತಾಲೂಕಿನ ಮಹಿಳಾ ಸಂಘದವರು ಫೋನ್ ಮಾಡಿದ್ದರು. "ನಾವೂ ತರಿಸಬೇಕು ಅಂತಿದ್ದೀವಿ. ಅಷ್ಟು ಖರ್ಚು ಮಾಡಿ ತರಿಸುವಂಥದ್ದಾ? ನಮ್ಮೂರ ಜನಕ್ಕೆ ಅರ್ಥ ಆಗುತ್ತಾ?" ಅಂತ ಕೇಳಿದರು. ತರಿಸಿ ಅಂತ ಹೇಳಿದೆ. ಯಾಕೆ ಅನ್ನುವುದನ್ನು ಫೋನಿನಲ್ಲಿ ಪೂರ್ತಿ ಹೇಳಲಾಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಶಿವಮೊಗ್ಗ ಜಿಲ್ಲೆ ಸಾಗರದ ಹತ್ತಿರ ಹೆಗ್ಗೋಡು ಅಂತ ಅಡಿಕೆ ತೋಟದ ಊರು. ಅಲ್ಲಿ 1949ರಲ್ಲಿ ಊರಿನವರೇ ಸೇರಿ ಕಟ್ಟಿದ ನಾಟಕದ ಸಂಘ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ. ಅದೇ ಚಿಕ್ಕದಾಗಿ ನೀನಾಸಂ. ಅದನ್ನು ಬೆಳೆಸಿದವರು ಕೆ.ವಿ. ಸುಬ್ಬಣ್ಣ. 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 1980ರಲ್ಲಿ ಅಲ್ಲಿ ನಾಟಕ ಕಲಿಸುವ ಶಾಲೆ ಶುರುವಾಯಿತು. ಒಂದು ವರ್ಷದ ಕೋರ್ಸು. 1985ರಲ್ಲಿ ತಿರುಗಾಟ ಶುರುವಾಯಿತು. ಮಳೆಗಾಲದಲ್ಲಿ ಹೆಗ್ಗೋಡಿನಲ್ಲೇ ಕೂತು ನಾಟಕ ಕಟ್ಟುತ್ತಾರೆ. ಮಳೆ ಮುಗಿದ ಮೇಲೆ ಸಾಮಾನೆಲ್ಲ ಗಾಡಿಗೆ ತುಂಬಿಕೊಂಡು ಊರೂರು ತಿರುಗುತ್ತಾರೆ. ಸತೀಶ್ ನೀನಾಸಂ, ಅಚ್ಯುತ್ ಕುಮಾರ್ ಇಬ್ಬರೂ ಅಲ್ಲಿ ಕಲಿತವರೇ. ಈ ಎರಡು ಹೆಸರು ಹೇಳಿದರೆ ಕಾಲೇಜು ಹುಡುಗರು ಟಿಕೆಟ್ ಬೇಗ ತಗೊಳ್ಳುತ್ತಾರೆ. ಅದೂ ಉಪಯೋಗಕ್ಕೆ ಬರುವ ಮಾತೇ.

ನಾನು ಮುಖ್ಯವಾಗಿ 2019ರ ತಿರುಗಾಟದ ಬಗ್ಗೆ ಹೇಳುತ್ತೇನೆ. ಆ ವರ್ಷ ಎರಡು ನಾಟಕ. ಗಿರೀಶ ಕಾರ್ನಾಡರ 'ರಾಕ್ಷಸ ತಂಗಡಿ', ಇನ್ನೊಂದು 'ಕರ್ಣ ಸಾಂಗತ್ಯ'. ಕಾರ್ನಾಡರು ತೀರಿಕೊಂಡಿದ್ದು ಅದೇ ವರ್ಷ ಜೂನ್ 10ಕ್ಕೆ. ಅವರು ಹೋಗಿ ಆರು ತಿಂಗಳೂ ಆಗಿರಲಿಲ್ಲ, ಅವರ ನಾಟಕ ನಮ್ಮ ಹೈಸ್ಕೂಲು ಅಂಗಳಕ್ಕೆ ಬಂತು. ಪೋಸ್ಟರ್ ಅಂಟಿಸುವಾಗ ನಮ್ಮ ಸಮಿತಿಯ ಮೇಷ್ಟ್ರು ಆ ಹೆಸರಿನ ಮೇಲೆ ಒಂದು ಗಳಿಗೆ ಕೈಯಿಟ್ಟು ನಿಂತಿದ್ದರು.

ಗಾಡಿ ಬಂದಿದ್ದು ಬೆಳಗ್ಗೆ. ಇಳಿದವರೆಲ್ಲ ಇಪ್ಪತ್ತು, ಇಪ್ಪತ್ತೈದರ ಹುಡುಗ ಹುಡುಗಿಯರು. ಕಾಫಿ ಕುಡಿದವರೇ ಕೆಲಸಕ್ಕೆ ನಿಂತರು. ಸಾಮಾನು ಇಳಿಸಲು ನಾವು ನಾಲ್ಕು ಜನ ಹಮಾಲರಿಗೆ ಹೇಳಿದ್ದೆವು. "ಬೇಡ ಅಕ್ಕ, ನಮಗೆ ಯಾವ ಪೆಟ್ಟಿಗೆ ಎಲ್ಲಿಗೆ ಅಂತ ಗೊತ್ತು" ಅಂದರು. ರಾತ್ರಿ ಪಾತ್ರ ಮಾಡುವವರೇ ಮಧ್ಯಾಹ್ನ ಏಣಿ ಹತ್ತಿ ಲೈಟು ಕಟ್ಟಿದರು. ಒಬ್ಬ ಹುಡುಗ ರಂಗದ ಮೇಲೆ ಮಂಡಿಯೂರಿ ಕೂತು ಹಲಗೆಗಳ ಮೇಲೆ ಅಂಗೈ ಸವರುತ್ತಾ ಈ ತುದಿಯಿಂದ ಆ ತುದಿಗೆ ಹೋದ. ಏನು ಹುಡುಕುತ್ತಿದ್ದೀಯಪ್ಪಾ ಅಂತ ಕೇಳಿದೆ. "ಮೊಳೆ ಎದ್ದಿದೆಯಾ ಅಂತ ನೋಡ್ತಿದ್ದೀನಿ ಅಕ್ಕ. ರಾತ್ರಿ ಎಲ್ಲರೂ ಬರಿಗಾಲು." ಎರಡು ಮೊಳೆ ಸಿಕ್ಕಿದವು. ಆ ರಂಗದ ಮೇಲೆ ನಮ್ಮ ಮಕ್ಕಳು ಪ್ರತಿ ವರ್ಷ ಡಾನ್ಸ್ ಮಾಡುತ್ತಾರೆ. ನಾವ್ಯಾರೂ ಒಂದು ಸಲವೂ ಹಾಗೆ ಕೈಯಾಡಿಸಿ ನೋಡಿರಲಿಲ್ಲ.

ಮಧ್ಯಾಹ್ನ ಮೂರರ ಹೊತ್ತಿಗೆ ಒಬ್ಬಳು ಹುಡುಗಿ ನನ್ನ ಅಂಗಡಿಗೆ ಬಂದಳು. ತೋಳಿನ ಮೇಲೆ ಉದ್ದನೆಯ ನಿಲುವಂಗಿ. ಪೆಟ್ಟಿಗೆಯ ಮೂಲೆಗೆ ಸಿಕ್ಕಿ ಕಂಕುಳ ಹತ್ತಿರ ಹೊಲಿಗೆ ಬಿಟ್ಟಿತ್ತು. "ಸೂಜಿ ದಾರ ನಮ್ಮ ಹತ್ರ ಇದೆ. ಮೆಷಿನ್ ಹೊಲಿಗೆ ಹಾಕಿದರೆ ಗಟ್ಟಿ ಇರುತ್ತೆ ಅಂತ ಬಂದೆ" ಅಂದಳು.

ನಾನು ಅದನ್ನು ಒಳಮಗ್ಗುಲು ತಿರುಗಿಸಿ ನೋಡಿದೆ. ದೂರದಿಂದ ರೇಷ್ಮೆ ಹಾಗೆ ಕಾಣುತ್ತಿದ್ದದ್ದು ಹತ್ತಿಯ ಬಟ್ಟೆ. ಅಂಚಿಗೆ ಪಟ್ಟಿ ಕೊಟ್ಟಿದ್ದರು. ಎರಡೂ ಪಕ್ಕದಲ್ಲಿ ಒಂದೂವರೆ ಇಂಚು ಒಳಬಟ್ಟೆ ಬಿಟ್ಟಿದ್ದರು. ಅಷ್ಟು ಯಾರೂ ಬಿಡುವುದಿಲ್ಲ. ಗಿರಾಕಿ ಬಟ್ಟೆಗೆ ನಾನು ಬಿಡುವುದು ಅರ್ಧ ಇಂಚು, ಮಕ್ಕಳ ಬಟ್ಟೆಗಾದರೆ ಒಂದು. ಯಾಕೆ ಇಷ್ಟು ಅಂತ ಕೇಳಿದೆ. "ಮುಂದಿನ ವರ್ಷ ಇದನ್ನು ಯಾರು ಹಾಕ್ಕೋತಾರೋ, ಅವರು ದಪ್ಪ ಇದ್ದರೆ?" ಅಂದಳು. ಹಳೆಯ ಹೊಲಿಗೆ ಬಿಚ್ಚಿದ ಗೆರೆಯೂ ಒಳಗೆ ಕಾಣುತ್ತಿತ್ತು. ಅಂದರೆ ಆ ಅಂಗಿ ಆಗಲೇ ಇನ್ನೊಬ್ಬರ ಮೈ ಮೇಲೆ ಇದ್ದು ಬಂದಿತ್ತು. ಹೊಲಿಗೆ ಎಲ್ಲಿ ಕಲಿತೆ ಅಂದೆ. ನಾಟಕದ ಶಾಲೆಯಲ್ಲೇ ಅಂದಳು. ಅಲ್ಲಿ ನಟನೆ ಜೊತೆ ಬಟ್ಟೆ, ಬಣ್ಣ, ಬೆಳಕು, ರಂಗಸಜ್ಜಿಕೆ ಎಲ್ಲಕ್ಕೂ ಕೈ ಹಾಕಲೇಬೇಕಂತೆ.

ನಾನು ಜೋಡಿ ಹೊಲಿಗೆ ಹಾಕಿಕೊಟ್ಟೆ. ದುಡ್ಡು ತಗೊಳ್ಳಿ ಅಂತ ಬಲವಂತ ಮಾಡಿದಳು, ತಗೊಳ್ಳಲಿಲ್ಲ. ರಾತ್ರಿ ಆ ಅಂಗಿ ರಂಗದ ಮೇಲೆ ಬಂದಾಗ ನನ್ನ ಕಣ್ಣು ಮೊದಲು ಹೋಗಿದ್ದು ಕಂಕುಳಿಗೆ. ಆಮೇಲೆ ಹತ್ತು ನಿಮಿಷದಲ್ಲಿ ಅದನ್ನೆಲ್ಲ ಮರೆತೇಬಿಟ್ಟೆ. ನಾಟಕ ಚೆನ್ನಾಗಿತ್ತು ಅನ್ನುವುದಕ್ಕೆ ನನ್ನ ಹತ್ತಿರ ಇದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಬಟ್ಟೆ ನೋಡುವುದನ್ನು ನಾನು ಮರೆಯುವವಳಲ್ಲ.

'ರಾಕ್ಷಸ ತಂಗಡಿ' 1565ರ ಯುದ್ಧದ ಕಥೆ. ವಿಜಯನಗರ ಬಿದ್ದ ಯುದ್ಧ. ನಾವು ಶಾಲೆಯಲ್ಲಿ ತಾಳಿಕೋಟೆ ಕದನ ಅಂತ ಓದಿದ್ದು ಅದೇ. ಪುಸ್ತಕದಲ್ಲಿ ಎರಡು ಪ್ಯಾರಾ ಇತ್ತು, ಅಲ್ವಾ? ಸುಲ್ತಾನರು ಒಟ್ಟಾದರು, ಹಂಪಿ ಹಾಳಾಯಿತು, ಮುಗಿಯಿತು. ನಾಟಕದಲ್ಲಿ ಅಳಿಯ ರಾಮರಾಯ ಅನ್ನುವ ಮುದುಕ ಕಣ್ಣೆದುರು ನಿಲ್ಲುತ್ತಾನೆ. ಕೃಷ್ಣದೇವರಾಯನ ಅಳಿಯ. ರಾಜ್ಯವನ್ನೆಲ್ಲ ಆಳುವವನು ಅವನೇ, ಆದರೆ ಸಿಂಹಾಸನ ಅವನದಲ್ಲ. ಅದರ ಮೇಲೆ ಹೆಸರಿಗೆ ಸದಾಶಿವರಾಯ ಇದ್ದಾನೆ. ಎಷ್ಟು ಗೆದ್ದರೂ ರಾಮರಾಯ 'ಅಳಿಯ'ನೇ. ಆ ಒಂದು ಗಾಯ ಅವನನ್ನು ಒಳಗೊಳಗೇ ತಿನ್ನುತ್ತದೆ. ಬಿಜಾಪುರದ ಆದಿಲ್ ಶಾ ಅವನನ್ನು ತಂದೆ ಅನ್ನುತ್ತಾನೆ. ಅದೇ ಆದಿಲ್ ಶಾ ಕೊನೆಗೆ ಎದುರು ಪಾಳೆಯದಲ್ಲಿ ಇರುತ್ತಾನೆ.

ಇದು ಹಿಂದೂ ಮುಸ್ಲಿಂ ಜಗಳ ಅಂತ ಬಂದು ಕೂತವರಿಗೆ ಬೇರೇನೋ ಕಾಣಿಸಿತು. ಅಹಂಕಾರ, ಮನೆತನದ ಹೆಮ್ಮೆ, ಹಳೆಯ ಅವಮಾನದ ಲೆಕ್ಕ. ನಮ್ಮ ಸಾಲಿನಲ್ಲಿ ಕೂತಿದ್ದ ಶಾಂತಮ್ಮನವರು ಮಗಳ ಮನೆಯ ಆಸ್ತಿ ಜಗಳದಲ್ಲಿ ಬೇಯುತ್ತಿದ್ದವರು. ಮಧ್ಯಂತರದಲ್ಲಿ ನನ್ನ ಕೈ ಹಿಡಿದು, "ಆ ಅಳಿಯನಿಗೆ ಮೊದಲೇ ಒಂದು ಮರ್ಯಾದೆ ಕೊಟ್ಟಿದ್ದರೆ ಊರು ಉಳೀತಿತ್ತು ಕಣೇ" ಅಂದರು. ಅರ್ಥ ಆಗುತ್ತಾ ಅಂತ ಕೇಳಿದ ಸಂಘದವರಿಗೆ ಇದೇ ನನ್ನ ಉತ್ತರ.

ನಮ್ಮ ಹೈಸ್ಕೂಲಿಗೆ ವಿಜಯಪುರ ಕಡೆಯಿಂದ ವರ್ಗವಾಗಿ ಬಂದಿದ್ದ ಒಬ್ಬರು ಮೇಷ್ಟ್ರು ಇದ್ದರು. ಯಾರ ಜೊತೆಯೂ ಹೆಚ್ಚು ಮಾತಿಲ್ಲ. ರಕ್ಕಸಗಿ, ತಂಗಡಗಿ ಅನ್ನುವುದು ಕೃಷ್ಣಾ ತೀರದ ನಿಜವಾದ ಹಳ್ಳಿಗಳು. ನಾಟಕದ ಹೆಸರು ಬಂದಿದ್ದು ಅಲ್ಲಿಂದಲೇ. ನಾಟಕ ಮುಗಿದ ಮೇಲೆ ಅವರು ನನ್ನ ಹತ್ತಿರ ಬಂದು, "ಅಕ್ಕಾರ, ತಂಗಡಗಿ ನಮ್ಮ ಅವ್ವನ ತವರಿನ ಕಡೀದು ರೀ. ಸಣ್ಣವರಿದ್ದಾಗ ಹೊಳ್ಯಾಗ ಈಸಾಡೀವಿ" ಅಂದರು. ಅವತ್ತಿನಿಂದ ಅವರು ನಮ್ಮ ಸಮಿತಿಯವರು. ವರ್ಗವಾಗಿ ಹೋಗುವ ತನಕ ಕುರ್ಚಿ ಹಾಕಿಸುವ ಕೆಲಸ ಅವರದೇ ಆಗಿತ್ತು.

ಎರಡನೇ ದಿನದ 'ಕರ್ಣ ಸಾಂಗತ್ಯ' ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕರ್ಣನ ಕಥೆ ಎಲ್ಲರಿಗೂ ಗೊತ್ತು. ಹಳೆಯ ಕಾವ್ಯದ ಕನ್ನಡ ಕಿವಿಗೆ ಬೀಳುವಾಗ ಪದ ಪದಕ್ಕೂ ಅರ್ಥ ಹುಡುಕಬೇಡಿ. ಸುಮ್ನೆ ಕೇಳುತ್ತಾ ಹೋಗಿ. ಮೊದಲ ಸಲ ನಾಟಕ ನೋಡುವವರನ್ನು ಕರೆದುಕೊಂಡು ಬರುವುದಾದರೆ ನಾನು ಮೊದಲನೇ ದಿನ ಕರೆತರಲು ಹೇಳುತ್ತೇನೆ. ಯಕ್ಷಗಾನ, ತಾಳಮದ್ದಲೆ ನೋಡಿ ಬೆಳೆದವರಿಗೆ ಎರಡನೇ ದಿನವೇ ಹೆಚ್ಚು ಹಿಡಿಸುತ್ತದೆ. ನಮ್ಮ ಚಿಕ್ಕಪ್ಪ ಮಂಡಿಗೆ ಬಟ್ಟೆ ಸುತ್ತಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತರು. ಮುಗಿಯುವ ತನಕ ಎದ್ದು ಹೋಗಲಿಲ್ಲ.

ಈಗ ತರಿಸುವವರಿಗೆ ಬೇಕಾದ ಮಾತು. ಜಾಗದ ವಿಷಯದಲ್ಲಿ ಮೋಸ ಹೋಗಬೇಡಿ. ಒಂದು ವರ್ಷ ನಾವು ಶಾಲೆ ಬಿಟ್ಟು ಒಂದು ಖಾಸಗಿ ಹಾಲ್ ಹಿಡಿದಿದ್ದೆವು. ಮೆತ್ತನೆ ಕುರ್ಚಿ, ಒಳ್ಳೆ ಬಾಗಿಲು, ಬಾಡಿಗೆಯೂ ಜೋರು. ತಗಡಿನ ಚಾವಣಿ. ಮಾತು ಆಡಿದರೆ ಗುಂಯ್ ಅನ್ನುತ್ತಿತ್ತು. ಫ್ಯಾನು ಹಾಕಿದರೆ ಮಾತು ಕೇಳುವುದಿಲ್ಲ, ನಿಲ್ಲಿಸಿದರೆ ಸೆಖೆ. ಸಾಲದ್ದಕ್ಕೆ ಅದೇ ಕಾಂಪೌಂಡಿನ ಇನ್ನೊಂದು ಕಡೆ ಅವತ್ತೇ ಆರತಕ್ಷತೆಗೆ ಬಾಡಿಗೆ ಕೊಟ್ಟಿದ್ದರು. ನಮಗೆ ಒಂದು ಮಾತು ಹೇಳಿರಲಿಲ್ಲ. ನಾಟಕದಲ್ಲಿ ಸಾವಿನ ದೃಶ್ಯ, ಆಚೆ ಕಡೆ ಡಿಜೆ. ನಟರು ದನಿ ಎತ್ತರಿಸಿ ಪೂರ್ತಿ ಆಡಿ ಮುಗಿಸಿದರು, ಒಂದು ಸಾಲೂ ಬಿಡಲಿಲ್ಲ. ಹಿಂದಿನ ಐದು ಸಾಲಿನವರಿಗೆ ಮಾತ್ರ ಏನೂ ಸಿಗಲಿಲ್ಲ. ಮಾರನೇ ದಿನ ಅಂಗಡಿಗೆ ಬಂದು ಬೇಜಾರು ಹೇಳಿಕೊಂಡರು. ಅವತ್ತಿನ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ. ಆಮೇಲೆ ಮತ್ತೆ ಹೈಸ್ಕೂಲು ಅಂಗಳಕ್ಕೇ ಬಂದೆವು. ಚಳಿ ಇರುತ್ತದೆ, ಆದರೆ ಮಾತು ಕೇಳುತ್ತದೆ.

ಕರೆಂಟಿನ ವಿಷಯ ಮೊದಲೇ ಲೈನ್‌ಮ್ಯಾನ್ ಹತ್ತಿರ ಮಾತಾಡಿಕೊಳ್ಳಿ. ಜನರೇಟರ್ ತಂದಿಟ್ಟುಕೊಳ್ಳಿ, ಆದರೆ ದೂರ ಇಡಿ. ಊಟ ಎರಡು ಹೊತ್ತು ಸರಿಯಾಗಿ ಕೊಡಿ. ನಾಟಕಕ್ಕೆ ಮುಂಚೆ ಅವರು ಹೆಚ್ಚು ತಿನ್ನುವುದಿಲ್ಲ. ಬಣ್ಣ ತೆಗೆದು ಸಾಮಾನು ಕಟ್ಟಿ ಊಟಕ್ಕೆ ಕೂರುವಾಗ ಹನ್ನೊಂದೂವರೆ ಆಗಿರುತ್ತದೆ, ಆಗ ಸಾರು ಬಿಸಿಯಿರಬೇಕು. ನಾವು ಒಂದೊಂದು ಮನೆಯಿಂದ ಒಂದೊಂದು ಬಗೆ ಮಾಡಿ ತರುತ್ತೇವೆ. ಹೋಟೆಲಿಗೆ ಹೇಳಿದರೆ ಆ ಹೊತ್ತಿಗೆ ಬಾಗಿಲು ಹಾಕಿರುತ್ತಾರೆ.

ದುಡ್ಡು ಹೊಂದಿಸುವುದು ಕಷ್ಟವೇ. 2019ರಲ್ಲಿ ಮೊದಲನೇ ದಿನ 163 ಟಿಕೆಟ್ ಹೋಯಿತು, ಎರಡನೇ ದಿನ 128. ಒಂದಕ್ಕೆ 50 ರೂಪಾಯಿ. ಅದರಿಂದ ಖರ್ಚು ಹುಟ್ಟುವುದಿಲ್ಲ. ಮೆಡಿಕಲ್ ಶಾಪಿನವರು, ಅಡಿಕೆ ಮಂಡಿಯವರು, ಕೆಲವು ಮೇಷ್ಟ್ರುಗಳು ಕೈಯಿಂದ ಹಾಕಿದರು. ಪಾಸು ಮಾತ್ರ ಯಾರಿಗೂ ಕೊಡಬೇಡಿ. ಬಿಟ್ಟಿ ಬಂದವರು ನಡುವೆ ಎದ್ದು ಹೋಗುತ್ತಾರೆ. 50 ರೂಪಾಯಿ ಕೊಟ್ಟವರು ಕೊನೆ ತನಕ ಕೂರುತ್ತಾರೆ. ಇದು ನಾನು ಇಷ್ಟು ವರ್ಷ ಬಾಗಿಲಲ್ಲಿ ನಿಂತು ನೋಡಿದ್ದು.

ಒಂದು ಸಲ ನಾನೂ ಹೆಗ್ಗೋಡಿಗೆ ಹೋಗಿದ್ದೆ. ಸಾಗರದಲ್ಲಿ ಇಳಿದು ಬಸ್ಸು ಹಿಡಿದೆ. ಅಲ್ಲೇ ಚರಕ ಅಂತ ಹೆಂಗಸರ ಕೈಮಗ್ಗದ ಸಂಘ ಇದೆ, ರಂಗಕರ್ಮಿ ಪ್ರಸನ್ನ ಅವರು ಶುರು ಮಾಡಿಸಿದ್ದು. ಅಡಿಕೆಯ ಚೊಗರು, ಇನ್ನೂ ಏನೇನೋ ಗಿಡಮರದ ಬಣ್ಣ ಹಾಕಿದ ಬಟ್ಟೆ. ಮೂರು ಮೀಟರ್ ತಂದೆ. ಇನ್ನೂ ಕತ್ತರಿ ಹಾಕಿಲ್ಲ, ಮನಸ್ಸು ಬಂದಿಲ್ಲ.

2019ರ ಎರಡನೇ ರಾತ್ರಿ ಮುಗಿದ ಮೇಲಿನ ಬೆಳಗ್ಗೆ ನಾನು ಶಾಲೆಯ ಬೀಗದ ಕೈ ತಗೊಳ್ಳಲು ಹೋದೆ. ಗಾಡಿ ಆಗಲೇ ಹೊರಟಿತ್ತು, ಅವರಿಗೆ ಅವತ್ತು ಬೇರೆ ಊರಿನಲ್ಲಿ ನಾಟಕ. ಅವರು ಬಣ್ಣ ಹಚ್ಚಿಕೊಂಡಿದ್ದು ಒಂಬತ್ತನೇ ಕ್ಲಾಸಿನ ಕೋಣೆಯಲ್ಲಿ. ಬೆಂಚುಗಳೆಲ್ಲ ಮೊದಲಿದ್ದ ಜಾಗದಲ್ಲೇ ಇದ್ದವು. ನೆಲ ಗುಡಿಸಿದ್ದರು. ಕಿಟಕಿ ಕಟ್ಟೆಯ ಮೇಲೆ ನನ್ನ ಅಂಗಡಿಯಿಂದ ಒಯ್ದಿದ್ದ ಪಿನ್ನಿನ ಡಬ್ಬಿ ಇತ್ತು. ಕರಿಹಲಗೆಯ ಮೇಲೆ ಶುಕ್ರವಾರದ ಲೆಕ್ಕ ಅರ್ಧಕ್ಕೇ ನಿಂತಿತ್ತು. ಎರಡು ದಿನ ಅಷ್ಟು ಜನ ಓಡಾಡಿದ ಕೋಣೆ, ಯಾರ ಭುಜವೂ ಅದಕ್ಕೆ ತಾಗಿರಲಿಲ್ಲ. ಸೋಮವಾರ ಮೇಷ್ಟ್ರು ಬಂದು ಅಲ್ಲಿಂದಲೇ ಮುಂದುವರಿಸಿದರಂತೆ.

ಮರುವರ್ಷ ಕೊರೊನಾ. ನಮ್ಮೂರಿನಲ್ಲಿ ಯಾವ ನಾಟಕವೂ ಆಗಲಿಲ್ಲ. ಟಿಕೆಟ್ ಬುಕ್ಕು ಡ್ರಾಯರಿನಲ್ಲೇ ಇತ್ತು. ಅವತ್ತಿನ ದಿನಗಳಲ್ಲಿ ನಾನು ಮಾಸ್ಕ್ ಹೊಲಿಯುತ್ತಾ, ಆ ಬರಿಗಾಲಿನ ಮಕ್ಕಳು ಈಗ ಎಲ್ಲಿ ಏನು ಮಾಡುತ್ತಿದ್ದಾರೋ ಅಂತ ಬಹಳ ಸಲ ನೆನೆಸಿಕೊಂಡಿದ್ದೇನೆ.

ಈ ಸಲದ ತಾರೀಕು ಇನ್ನೂ ಗೊತ್ತಾಗಬೇಕು. ಜಾಗ ಹೈಸ್ಕೂಲು ಅಂಗಳವೇ. ಶಾಲು ತನ್ನಿ. ಏಳು ಗಂಟೆಗೆ ಮೂರನೇ ಬೆಲ್, ಆಮೇಲೆ ಯಾರಿಗೂ ಕಾಯುವುದಿಲ್ಲ. ಟಿಕೆಟ್ ನನ್ನ ಅಂಗಡಿಯಲ್ಲಿ ಸಿಗುತ್ತದೆ, ಬೆಳಗ್ಗೆ ಹತ್ತರಿಂದ.