ಇಮೇಲ್ ಪತ್ರವೋ, ವಾಟ್ಸ್‌ಆ್ಯಪ್ ಚಾನೆಲ್ಲೋ: ಸಣ್ಣ ಕನ್ನಡ ಜಾಲತಾಣಕ್ಕೆ ಯಾವುದು ಒದಗುತ್ತದೆ?

ಒಬ್ಬಿಬ್ಬರೇ ನಡೆಸುವ, ತಿಂಗಳಿಗೆ ನಾಲ್ಕಾರು ಲೇಖನ ಹಾಕುವ ಕನ್ನಡ ಜಾಲತಾಣ ಒಂದಿದೆ ಎಂದುಕೊಳ್ಳಿ. ಹೊಸ ಬರಹ ಬಂದಿದೆ ಎಂದು ಓದುಗರಿಗೆ ತಿಳಿಸಲು ಇಮೇಲ್ ಪತ್ರ, ವಾಟ್ಸ್‌ಆ್ಯಪ್ ಚಾನೆಲ್, ಟೆಲಿಗ್ರಾಂ ಚಾನೆಲ್, ಬ್ರೌಸರಿನ ಪುಶ್ ಸೂಚನೆ (ತಾಣ ತೆರೆಯದಿದ್ದರೂ ಫೋನಿನಲ್ಲಿ ಏಳುವ ಸೂಚನೆ), ಆರ್‌ಎಸ್‌ಎಸ್ ಫೀಡ್ (ಹೊಸ ಬರಹಗಳ ಪಟ್ಟಿಯನ್ನು ಬೇರೆ ತಂತ್ರಾಂಶಗಳಿಗೆ ಕೊಡುವ ಫೈಲು) ಇವೆ. ಯಾವುದು ಮೇಲು ಎಂದು ಊಹಿಸುತ್ತ ಕೂರುವ ಬದಲು ಒಂದೇ ಲೇಖನದ ಕೊಂಡಿಯನ್ನು ಐದೂ ಕಡೆ ಕಳಿಸಿ ನೋಡಬಹುದು. ಪ್ರತಿ ಕೊಂಡಿಗೂ ಬೇರೆ ಯುಟಿಎಂ ಗುರುತು (ಓದುಗರು ಎಲ್ಲಿಂದ ಬಂದರೆಂದು ತಿಳಿಯಲು ಕೊಂಡಿಯ ತುದಿಗೆ ಸೇರಿಸುವ ಪದ) ಇರಲಿ, ಲೆಕ್ಕ ಒಂದು ವಾರ ಪೂರ್ತಿ ನಡೆಯಲಿ. ಮೊದಲ ದಿನಕ್ಕೇ ತೀರ್ಪು ಕೊಟ್ಟರೆ ಇಮೇಲ್ ಸೋಲಬಹುದು. ಚಾನೆಲ್ಲಿನಿಂದ ಬರುವವರು ಮೊದಲ ಕೆಲವು ಗಂಟೆಗಳಲ್ಲೇ ಬಂದು ಹೋಗುತ್ತಾರೆ. ಇಮೇಲಿನಿಂದ ಬರುವವರು ಮೂರು ನಾಲ್ಕು ದಿನ ಒಬ್ಬೊಬ್ಬರಾಗಿ ಬರುತ್ತಿರಬಹುದು, ಬಂದವರು ಹೆಚ್ಚು ಹೊತ್ತು ಓದಬಹುದು.

ಇಮೇಲ್ ಪತ್ರಕ್ಕೆ ಈಗಲೂ ಬೆಲೆ ಇದೆ. ಆದರೆ ಅದನ್ನು ಆಳು ಲೆಕ್ಕದಲ್ಲಿ ಅಳೆಯಬಾರದು. ನಮ್ಮಲ್ಲಿ ಬಹಳ ಜನರಿಗೆ ಜಿಮೇಲ್ ವಿಳಾಸ ಇರುವುದು ಆಂಡ್ರಾಯ್ಡ್ ಫೋನ್ ಶುರು ಮಾಡಲು ಮಾತ್ರ. ಇನ್‌ಬಾಕ್ಸ್ ತೆರೆದು ಓದುವ ರೂಢಿ ಅವರಿಗಿಲ್ಲ. ಹಾಗಾಗಿ ಕನ್ನಡ ತಾಣದ ಇಮೇಲ್ ಪಟ್ಟಿ ಚಿಕ್ಕದಾಗಿಯೇ ಇರುತ್ತದೆ. ಅದರಲ್ಲಿರುವವರು ಮಾತ್ರ ಪೂರ್ತಿ ಓದುವವರು, ತಪ್ಪು ತೋರಿಸಿ ಉತ್ತರ ಬರೆಯುವವರು, ಪುಸ್ತಕ ಮಾಡಿದರೆ ಕೊಳ್ಳುವವರು.

ವಾಟ್ಸ್‌ಆ್ಯಪ್ ಚಾನೆಲ್

2023ರ ಸೆಪ್ಟೆಂಬರಿನಲ್ಲಿ ಭಾರತಕ್ಕೆ ಬಂದ ಚಾನೆಲ್ಲಿನ ದೊಡ್ಡ ಗುಣ ಅದರ ಸಲೀಸು. ಓದುಗರು ಒಂದು ಗುಂಡಿ ಒತ್ತಿದರೆ ಸಾಕು, ಅವರ ನಂಬರು ನಿಮಗೂ ಕಾಣದು, ಉಳಿದ ಓದುಗರಿಗೂ ಕಾಣದು. ಗ್ರೂಪಿನಲ್ಲಿ 1,024 ಜನರ ಮಿತಿ ಇದೆ, ಎಲ್ಲರ ನಂಬರು ಎಲ್ಲರಿಗೂ ತೆರೆದುಕೊಳ್ಳುತ್ತದೆ, ಬೆಳಗಿನ ಶುಭಾಶಯಗಳ ನಡುವೆ ನಿಮ್ಮ ಲೇಖನ ಹೂತು ಹೋಗುತ್ತದೆ. ಬ್ರಾಡ್‌ಕಾಸ್ಟ್ ಪಟ್ಟಿಯ ಮಿತಿ 256. ಅದರಲ್ಲೂ ನಿಮ್ಮ ನಂಬರನ್ನು ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ಮುಟ್ಟುತ್ತದೆ. ಇವೆರಡಕ್ಕಿಂತ ಚಾನೆಲ್ ಎಷ್ಟೋ ಮೇಲು.

ಅದರ ಕೊರತೆಗಳನ್ನೂ ತಿಳಿದೇ ಹೋಗಬೇಕು. ಹೊಸದಾಗಿ ಸೇರಿದವರಿಗೆ ಸೂಚನೆಯ ಸದ್ದು ಮೊದಲಿನಿಂದಲೇ ಬಂದ್ ಆಗಿರುತ್ತದೆ. ಗಂಟೆಯ ಗುರುತು ಒತ್ತಿ ಚಾಲೂ ಮಾಡಿಕೊಳ್ಳಿ ಎಂದು ಮೊದಲ ಸಂದೇಶದಲ್ಲೇ ಹೇಳಿ, ತಿಂಗಳಿಗೊಮ್ಮೆ ನೆನಪಿಸಿ. ಹಳೆಯ ಸಂದೇಶಗಳು 30 ದಿನದ ಆಚೆ ಉಳಿಯುವ ಭರವಸೆ ಇಲ್ಲ, ಆದ್ದರಿಂದ ಬರಹವನ್ನೇ ಅಲ್ಲಿ ಇಡಬೇಡಿ, ಕೊಂಡಿಯನ್ನಷ್ಟೇ ಕೊಡಿ. ಎಲ್ಲಕ್ಕಿಂತ ದೊಡ್ಡ ಕೊರತೆ ಎಂದರೆ ಹಿಂಬಾಲಕರ ಪಟ್ಟಿಯನ್ನು ಇಳಿಸಿಕೊಳ್ಳಲು ಬರುವುದಿಲ್ಲ. ಚಾನೆಲ್ ಮುಚ್ಚಿಹೋದರೆ ಸೊನ್ನೆಯಿಂದ ಶುರು ಮಾಡಬೇಕು.

ಕೊಂಡಿ ಹಾಕುವಾಗ ಕನ್ನಡ ತಾಣಗಳು ಸಾಮಾನ್ಯವಾಗಿ ಎಡವುವ ಜಾಗವೊಂದಿದೆ. ಲೇಖನದ ವಿಳಾಸ ಕನ್ನಡ ಅಕ್ಷರದಲ್ಲಿದ್ದರೆ, ಕಾಪಿ ಮಾಡಿ ಅಂಟಿಸಿದಾಗ ಯೂನಿಕೋಡಿನ ಪ್ರತಿ ಘಟಕವೂ (ಮೂಲ ಅಕ್ಷರ, ಸ್ವರಚಿಹ್ನೆ, ಹಲಂತ ಒಂದೊಂದೂ ಒಂದು ಘಟಕ) ಶೇಕಡಾ ಚಿಹ್ನೆ ಸೇರಿದ ಒಂಬತ್ತು ಅಕ್ಷರಗಳಾಗಿ ಹಿಗ್ಗುತ್ತದೆ. ಸಂದೇಶದ ತುಂಬ ಅದೇ ಕಸ ಕಾಣುತ್ತದೆ, ನೋಡಿದವರು ಮೋಸದ ಕೊಂಡಿ ಎಂದು ಹೆದರುತ್ತಾರೆ. ತಾಣ ನಡೆಸುವ ತಂತ್ರಾಂಶ ವರ್ಡ್‌ಪ್ರೆಸ್ ಈ ಹಿಗ್ಗಿದ ರೂಪವನ್ನು 200 ಅಕ್ಷರಕ್ಕೆ ಕತ್ತರಿಸುವುದರಿಂದ, ಸುಮಾರು 22 ಕನ್ನಡ ಘಟಕಗಳಾದ ಮೇಲೆ ವಿಳಾಸದಲ್ಲಿನ ಶೀರ್ಷಿಕೆ ಅರ್ಧಕ್ಕೆ ನಿಲ್ಲುತ್ತದೆ. ವಿಳಾಸಕ್ಕೆ ಮಾತ್ರ ಇಂಗ್ಲಿಷ್ ಅಕ್ಷರಗಳ ಮೂರು ನಾಲ್ಕು ಪದ ಬಳಸಿ. ಕೊಂಡಿಯ ಜೊತೆ ಕಾಣುವ ಮುನ್ನೋಟದ ಚಿತ್ರ 300 ಕೆಬಿ ಒಳಗಿರಲಿ. ದೊಡ್ಡದಾದರೆ ಚಿತ್ರವೇ ಬಾರದೆ ಬರಿ ಕೊಂಡಿ ಉಳಿಯಬಹುದು.

ವಾಟ್ಸ್‌ಆ್ಯಪ್ ಬಿಸಿನೆಸ್ ಎಪಿಐ (ತಂತ್ರಾಂಶದಿಂದಲೇ ಸಂದೇಶ ಕಳಿಸುವ, ಹಣ ಕೊಟ್ಟು ಬಳಸುವ ದಾರಿ) ಮೂಲಕ ಒಬ್ಬೊಬ್ಬರಿಗೂ ಸಂದೇಶ ಕಳಿಸಿಕೊಡುತ್ತೇವೆ ಎಂದು ಬರುವವರಿದ್ದಾರೆ. ಪ್ರಚಾರದ ಒಂದು ಸಂದೇಶಕ್ಕೆ ಭಾರತದಲ್ಲಿ ಮುಕ್ಕಾಲು ರೂಪಾಯಿಗೂ ಮೇಲೆ ಬೀಳುತ್ತದೆ. ಇಮೇಲ್ ಕಳಿಸಿಕೊಡುವ ಸೇವೆಯಾದ ಅಮೆಜಾನ್ ಎಸ್‌ಇಎಸ್‌ನಲ್ಲಿ ಸಾವಿರ ಇಮೇಲಿಗೆ 10 ಸೆಂಟ್, ಅಂದರೆ ಒಂದಕ್ಕೆ ಒಂದು ಪೈಸೆಯೂ ಇಲ್ಲ. ಆದಾಯವಿಲ್ಲದ ತಾಣ ಎಪಿಐ ಕಡೆ ಹೋಗಬೇಕಿಲ್ಲ.

ಟೆಲಿಗ್ರಾಂ, ಪುಶ್, ಆರ್‌ಎಸ್‌ಎಸ್

ಟೆಲಿಗ್ರಾಂ ಚಾನೆಲ್ಲಿಗೆ ಜನರ ಮಿತಿ ಇಲ್ಲ, ಪ್ರತಿ ಸಂದೇಶವನ್ನು ಎಷ್ಟು ಮಂದಿ ನೋಡಿದರು ಎಂಬುದು ಅಲ್ಲೇ ಕಾಣುತ್ತದೆ, ಹಳೆಯದೆಲ್ಲ ಹುಡುಕಿದರೆ ಸಿಗುತ್ತದೆ. ಟೆಲಿಗ್ರಾಂನದೇ ಬಾಟ್‌ಫಾದರ್ ಖಾತೆಯಿಂದ ಬಾಟ್ (ತಾನಾಗಿ ಸಂದೇಶ ಕಳಿಸುವ ಖಾತೆ) ಮಾಡಿ, ಅದನ್ನು ಚಾನೆಲ್ಲಿನ ಅಡ್ಮಿನ್ ಮಾಡಿ ತಾಣಕ್ಕೆ ಜೋಡಿಸಿದರೆ ಲೇಖನ ಪ್ರಕಟವಾದ ಕೂಡಲೇ ಕೊಂಡಿ ತಾನಾಗಿ ಹೋಗುತ್ತದೆ. ಒಂದು ಸಂದೇಶಕ್ಕೆ 4,096 ಅಕ್ಷರಗಳ ಮಿತಿ. ಸ್ಪರ್ಧಾತ್ಮಕ ಪರೀಕ್ಷೆಯ ಟಿಪ್ಪಣಿ, ಪಿಡಿಎಫ್ ಹಂಚುವ ತಾಣಗಳಿಗೆ ಇದು ಚೆನ್ನಾಗಿ ಹೊಂದುತ್ತದೆ, ಆ ಓದುಗರು ಮೊದಲೇ ಅಲ್ಲಿರುತ್ತಾರೆ. ಕಥೆ, ಪ್ರಬಂಧ, ಅಡುಗೆ, ಕೃಷಿ ಓದುವವರನ್ನು ಅಲ್ಲಿಗೆ ಎಳೆದು ತರುವುದು ಕಷ್ಟ.

ಪುಶ್ ಸೂಚನೆಯನ್ನು ಸಣ್ಣ ತಾಣ ಬಿಟ್ಟುಬಿಡುವುದೇ ಲೇಸು. ತಾಣ ತೆರೆದ ಕೂಡಲೇ ಅನುಮತಿ ಕೇಳುವ ಪೆಟ್ಟಿಗೆ ಎದ್ದರೆ ಓದುಗರು ಬೇಡ ಎನ್ನುತ್ತಾರೆ, ಆ ಬೇಡ ಬ್ರೌಸರಿನಲ್ಲಿ ಉಳಿದುಬಿಡುತ್ತದೆ. ಐಫೋನಿನಲ್ಲಿ 16.4 ಆವೃತ್ತಿಯಿಂದೀಚೆಗೆ ಪುಶ್ ಬರುತ್ತದಾದರೂ ತಾಣವನ್ನು ಹೋಮ್ ಸ್ಕ್ರೀನಿಗೆ ಸೇರಿಸಿಕೊಂಡವರಿಗೆ ಮಾತ್ರ. ಒಪ್ಪಿಗೆ ಅಂಟಿಕೊಂಡಿರುವುದು ಆ ಫೋನಿನ ಆ ಬ್ರೌಸರಿಗೆ. ಫೋನು ಬದಲಾದರೆ ಓದುಗ ಹೋದಂತೆ. ಪುಶ್ ಸೇವೆ ಬದಲಿಸುವಾಗ ವ್ಯಾಪಿಡ್ ಕೀಲಿಗಳು (ಸೂಚನೆ ಕಳಿಸುವವರು ನೀವೇ ಎಂದು ತೋರಿಸುವ ಗುಪ್ತ ಸಂಕೇತಗಳು) ನಿಮ್ಮ ಕೈಯಲ್ಲಿಲ್ಲದಿದ್ದರೆ ಪೂರ್ತಿ ಪಟ್ಟಿ ಕಳೆದುಹೋಗುತ್ತದೆ.

ಆರ್‌ಎಸ್‌ಎಸ್‌ಗೆ ಖರ್ಚೂ ಇಲ್ಲ, ನಿರ್ವಹಣೆಯೂ ಇಲ್ಲ, ಆದ್ದರಿಂದ ತೆಗೆಯಬೇಡಿ. ಫೀಡ್ ಓದಲು ಬಳಸುತ್ತಿದ್ದ ಗೂಗಲ್ ರೀಡರ್ 2013ರ ಜುಲೈ 1ರಂದು ಮುಚ್ಚಿದ ಮೇಲೆ ಅದನ್ನು ಬಳಸುವವರು ಕಡಿಮೆಯಾದರು, ಆದರೆ ಇಮೇಲ್ ಪತ್ರವನ್ನು ತಾನಾಗಿ ಕಟ್ಟಲು ಫೀಡ್ ಬೇಕಾಗುತ್ತದೆ. ಬ್ಲಾಗ್‌ಸ್ಪಾಟಿನ ಕನ್ನಡ ಬ್ಲಾಗುಗಳಲ್ಲಿ ಇಮೇಲ್ ಚಂದಾ ಬಹುಪಾಲು ನಡೆಯುತ್ತಿದ್ದುದು ಗೂಗಲಿನ ಫೀಡ್‌ಬರ್ನರ್ ಸೇವೆಯ ಮೂಲಕ. 2021ರಲ್ಲಿ ಆ ಸೌಲಭ್ಯ ನಿಂತಿತು. ಪಟ್ಟಿ ಇಳಿಸಿಕೊಳ್ಳಲು ಅವಕಾಶವಿತ್ತು. ಆಮೇಲೆ ಹುಡುಕಿದವರ ಪಾಡು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಇಮೇಲ್ ಪತ್ರದ ಸೇವೆಗಳಾದ ರೆವ್ಯೂ 2023ರ ಜನವರಿಯಲ್ಲಿ, ಟೈನಿಲೆಟರ್ 2024ರ ಫೆಬ್ರವರಿ 29ರಂದು ಮುಚ್ಚಿದವು. ಸೇವೆ ಮುಚ್ಚಿದರೂ ಪಟ್ಟಿ ಕೈಯಲ್ಲಿದ್ದರೆ ಇನ್ನೊಂದು ಸೇವೆಯಲ್ಲಿ ಮರುದಿನವೇ ಪತ್ರ ಕಳಿಸಬಹುದು. ಈ ಅನುಕೂಲ ಇಮೇಲಿನಷ್ಟು ಬೇರೆ ಯಾವುದರಲ್ಲೂ ಇಲ್ಲ, ಇದೊಂದೇ ಕಾರಣಕ್ಕೆ ಇಮೇಲನ್ನು ಕೈಬಿಡಬಾರದು.

ಇಮೇಲಿನಲ್ಲಿ ಯಾವ ಸೇವೆ?

ನೂರು ಜನರ ಒಳಗಿದ್ದರೆ ಬಟನ್‌ಡೌನ್ ಉಚಿತ, ಗೊಂದಲವಿಲ್ಲ. ಬ್ರೆವೋದಲ್ಲಿ ದಿನಕ್ಕೆ 300 ಇಮೇಲ್ ಉಚಿತ. 900 ಜನರಿದ್ದರೆ ಪತ್ರವನ್ನು ಮೂರು ದಿನಕ್ಕೆ ಹಂಚಿ ಕಳಿಸಬೇಕಾಗುತ್ತದೆ, ತಿಂಗಳಿಗೊಂದು ಪತ್ರವಾದರೆ ಅದೇನೂ ತೊಡಕಲ್ಲ. ಸಬ್‌ಸ್ಟ್ಯಾಕ್‌ನಲ್ಲಿ ಎಷ್ಟು ಜನರಿದ್ದರೂ ಉಚಿತ, ಹಣ ಕೊಡುವ ಚಂದಾದಾರರಿದ್ದರೆ ಮಾತ್ರ ಶೇ. 10 ಅವರದು. ಆದರೆ ಅಲ್ಲಿ ನಿಮ್ಮ ಪತ್ರವೇ ಇನ್ನೊಂದು ಜಾಲತಾಣವಾಗಿ ಬೆಳೆಯುತ್ತದೆ, ನಿಮ್ಮದೇ ತಾಣ ಬಡವಾಗುತ್ತದೆ. ತಾಣವಿಲ್ಲದ ಬರಹಗಾರರಿಗೆ ಅದು ಸರಿ.

ಸಾವಿರ ದಾಟಿದ, ಸರ್ವರ್ ನೋಡಿಕೊಳ್ಳಬಲ್ಲ ಒಬ್ಬರಿರುವ ತಾಣಕ್ಕೆ ಲಿಸ್ಟ್‌ಮಂಕ್ ಮತ್ತು ಅಮೆಜಾನ್ ಎಸ್‌ಇಎಸ್ ಜೋಡಿಯೇ ನಮ್ಮ ಆಯ್ಕೆ. ಲಿಸ್ಟ್‌ಮಂಕ್ ಪಟ್ಟಿ ನೋಡಿಕೊಂಡು ಪತ್ರ ಕಳಿಸುವ ಮುಕ್ತ ತಂತ್ರಾಂಶ. ಬೆಂಗಳೂರಿನ ಷೇರು ದಲ್ಲಾಳಿ ಸಂಸ್ಥೆ ಜೆರೋಧಾದ ಕೈಲಾಶ್ ನಾಧ್ ರೂಪಿಸಿದ್ದು. ವಿ. ಕೃಷ್ಣ ಅವರ ಕನ್ನಡ–ಇಂಗ್ಲಿಷ್ ನಿಘಂಟು ‘ಅಲರ್’ ಅಂತರ್ಜಾಲಕ್ಕೆ ಬಂದದ್ದೂ ಇವರ ಕೈಯಿಂದಲೇ ಎಂಬುದನ್ನು ಕನ್ನಡಿಗರು ನೆನೆಯಬೇಕು. ಒಂದು ಜಿಬಿ ರ‍್ಯಾಮ್ ಇರುವ ಸರ್ವರ್, ಪೋಸ್ಟ್‌ಗ್ರೆಸ್ ಡೇಟಾಬೇಸ್, ಒಂದೇ ಫೈಲಿನ ತಂತ್ರಾಂಶ, ಇಷ್ಟರಲ್ಲಿ ಕೆಲಸ ಆಗುತ್ತದೆ. ಕಳಿಸುವ ಪೋರ್ಟ್ (ಇಮೇಲ್ ಹೊರಹೋಗುವ ದ್ವಾರದ ಸಂಖ್ಯೆ) 587 ಇಡಿ. ಬಹಳ ಕಡೆ 25 ಅನ್ನು ತಡೆದಿರುತ್ತಾರೆ. ಎಸ್‌ಇಎಸ್ ಖಾತೆ ಮೊದಲು ಸ್ಯಾಂಡ್‌ಬಾಕ್ಸ್ ಎಂಬ ಪರೀಕ್ಷೆಯ ಹಂತದಲ್ಲಿರುತ್ತದೆ: ದಿನಕ್ಕೆ 200, ಅದೂ ಖಾತ್ರಿ ಮಾಡಿದ ವಿಳಾಸಗಳಿಗೆ ಮಾತ್ರ. ಹೊರಬರಲು ಅರ್ಜಿಯಲ್ಲಿ ಓದುಗರು ಹೇಗೆ ಸೇರುತ್ತಾರೆ, ಹೇಗೆ ಬಿಡುತ್ತಾರೆ ಎಂದು ಬಿಡಿಸಿ ಬರೆಯಬೇಕು. ಒಂದೆರಡು ಸಾಲಿನ ಅರ್ಜಿಗೆ ಇಲ್ಲ ಎಂದೇ ಉತ್ತರ ಬರುವ ಸಾಧ್ಯತೆ ಹೆಚ್ಚು. ಬೌನ್ಸ್ (ಮುಟ್ಟದೆ ಹಿಂತಿರುಗುವ ಇಮೇಲ್) ಶೇ. 5 ದಾಟಿದರೆ ಖಾತೆ ಪರಿಶೀಲನೆಗೆ ಹೋಗುತ್ತದೆ, ಶೇ. 10 ಮುಟ್ಟಿದರೆ ನಿಲ್ಲಬಹುದು. ಹಾಗಾಗಿ ನಾಲ್ಕೈದು ವರ್ಷ ಮಲಗಿದ್ದ ಪಟ್ಟಿಗೆ ಒಮ್ಮೆಲೇ ಕಳಿಸಬೇಡಿ. ದಿನಕ್ಕೆ ಐವತ್ತರಂತೆ ಕಳಿಸುತ್ತ, ಹಿಂತಿರುಗಿದ ವಿಳಾಸಗಳನ್ನು ಅಂದಂದೇ ತೆಗೆಯಿರಿ.

ಸ್ಪ್ಯಾಮಿಗೆ ಬೀಳದಿರಲು

2024ರ ಫೆಬ್ರವರಿಯಿಂದ ಜಿಮೇಲ್, ಯಾಹೂ ಎರಡೂ ನಿಯಮ ಬಿಗಿ ಮಾಡಿವೆ. ಜಿಮೇಲಿಗೆ ದಿನಕ್ಕೆ 5,000 ಮೀರಿ ಕಳಿಸುವವರಿಗೆ ಎಸ್‌ಪಿಎಫ್ (ನಿಮ್ಮ ಡೊಮೇನಿನ ಹೆಸರಲ್ಲಿ ಯಾವ ಸರ್ವರ್ ಕಳಿಸಬಹುದು ಎಂಬ ಪಟ್ಟಿ), ಡಿಕಿಮ್ (ಪತ್ರದ ಡಿಜಿಟಲ್ ಸಹಿ), ಡಿಮಾರ್ಕ್ (ಇವೆರಡೂ ಹೊಂದದ ಪತ್ರವನ್ನು ಏನು ಮಾಡಬೇಕೆಂಬ ಸೂಚನೆ) ಮೂರೂ ಕಡ್ಡಾಯ, ಒಂದೇ ಒತ್ತಿಗೆ ಚಂದಾ ಬಿಡುವ ಸೌಲಭ್ಯವೂ ಕಡ್ಡಾಯ. ಸಣ್ಣವರಿಗೆ ಎಸ್‌ಪಿಎಫ್ ಅಥವಾ ಡಿಕಿಮ್ ಒಂದಿದ್ದರೂ ನಡೆಯುತ್ತದೆ. ಆದರೂ ಮೂರನ್ನೂ ಹಾಕಿ, ಅರ್ಧ ಗಂಟೆಯ ಕೆಲಸ. ಡೊಮೇನಿನ ದಾಖಲೆಗಳಿರುವ ಡಿಎನ್‌ಎಸ್‌ನಲ್ಲಿ ಎಸ್‌ಪಿಎಫ್ ದಾಖಲೆ ಒಂದೇ ಇರಬೇಕು. ಹೋಸ್ಟಿಂಗ್‌ನವರದೊಂದು, ಇಮೇಲ್ ಸೇವೆಯದೊಂದು ಎಂದು ಎರಡು ಹಾಕಿದರೆ ಎರಡೂ ಕೆಡುತ್ತವೆ. ಒಂದರೊಳಗೇ ಎರಡನ್ನೂ ಸೇರಿಸಿ. ಡಿಮಾರ್ಕನ್ನು ಮೊದಲು ಬರೀ ವರದಿ ಕೇಳುವ ಹಂತದಲ್ಲಿಟ್ಟು, ನಾಲ್ಕು ವಾರ ವರದಿ ನೋಡಿ, ಆಮೇಲೆ ಬಿಗಿಮಾಡಿ. ಕಳಿಸುವವರ ಜಾಗದಲ್ಲಿ ಜಿಮೇಲ್ ವಿಳಾಸ ಹಾಕಿ ಬೇರೆ ಸೇವೆಯಿಂದ ಕಳಿಸಿದರೆ ಡಿಮಾರ್ಕ್ ಹೊಂದದೆ ನೇರ ಸ್ಪ್ಯಾಮಿಗೆ ಹೋಗಬಹುದು. ಸ್ವಂತ ಡೊಮೇನಿನ ವಿಳಾಸವೇ ಬೇಕು, ಅದಕ್ಕೆ ಬರೆದ ಉತ್ತರ ಯಾರಾದರೂ ಓದುವಂತಿರಬೇಕು.

ಸೇರುವ ನಮೂನೆಯಲ್ಲಿ ಇಮೇಲ್ ಖಾನೆ ಒಂದೇ ಸಾಕು. ಏನು ಬರುತ್ತದೆ, ತಿಂಗಳಿಗೆ ಎಷ್ಟು, ಬಿಡುವುದು ಹೇಗೆ ಎಂದು ಪಕ್ಕದಲ್ಲಿ ಕನ್ನಡದಲ್ಲೇ ಬರೆಯಿರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕೇಳುವುದೂ ಅದನ್ನೇ: ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಹಿಂತೆಗೆಯಲು ಆಗಬೇಕು. ಖಾತ್ರಿಯ ಇಮೇಲಿನಲ್ಲಿರುವ ಕೊಂಡಿ ಒತ್ತಿದವರನ್ನು ಮಾತ್ರ ಸೇರಿಸಿ. ಪುಸ್ತಕ ಬಿಡುಗಡೆಯಲ್ಲಿ ಬರೆಸಿಕೊಂಡ ಹಾಳೆಯ ವಿಳಾಸಗಳನ್ನು ನೇರವಾಗಿ ತುಂಬಿದರೆ ತಪ್ಪು ಅಕ್ಷರದ ವಿಳಾಸಗಳೆಲ್ಲ ಬೌನ್ಸ್ ಆಗುತ್ತವೆ, ಮರೆತವರು ಸ್ಪ್ಯಾಮ್ ಒತ್ತುತ್ತಾರೆ. ಜಿಮೇಲಿನ ಲೆಕ್ಕದಲ್ಲಿ ದೂರು ಶೇ. 0.3 ಮುಟ್ಟಬಾರದು, ಅಂದರೆ ಸಾವಿರಕ್ಕೆ ಮೂವರು.

ಕನ್ನಡಕ್ಕೇ ಬರುವ ತೊಡಕುಗಳು

ಯೂನಿಕೋಡ್ ಅಕ್ಷರಗಳನ್ನು ಬೈಟುಗಳಾಗಿ ಉಳಿಸುವ ಯುಟಿಎಫ್-8ರಲ್ಲಿ ಕನ್ನಡದ ಒಂದು ಘಟಕಕ್ಕೆ ಮೂರು ಬೈಟ್ ಬೇಕು. ‘ಸ್ತ್ರೀ’ ಕಣ್ಣಿಗೆ ಒಂದೇ ಅಕ್ಷರ, ಒಳಗೆ ಆರು ಘಟಕ, 18 ಬೈಟ್. ಜಿಮೇಲ್ 102 ಕೆಬಿ ಮೀರಿದ ಪತ್ರವನ್ನು ಅರ್ಧಕ್ಕೆ ಕತ್ತರಿಸುತ್ತದೆ. ಮೂರು ಸಾವಿರ ಪದದ ಕನ್ನಡ ಲೇಖನವೇ ಸುಮಾರು 80 ಕೆಬಿ ಆಗುತ್ತದೆ, ಅದರ ಮೇಲೆ ಅಲಂಕಾರದ ಟೆಂಪ್ಲೇಟು ಹೇರಿದರೆ ಮಿತಿ ದಾಟಿತೆಂದೇ ಲೆಕ್ಕ. ಇನ್ನು ಕೆಲವು ಎಡಿಟರುಗಳು ಕನ್ನಡವನ್ನು ಎಚ್‌ಟಿಎಂಎಲ್ ಸಂಖ್ಯಾ ಸಂಕೇತಕ್ಕೆ ಬದಲಿಸಿಬಿಡುತ್ತವೆ; ಆಗ ಒಂದು ಘಟಕಕ್ಕೆ ಏಳು ಬೈಟ್, ಸಾವಿರದ ಐನೂರು ಪದಕ್ಕೇ ಮಿತಿ ಹತ್ತಿರ ಬರುತ್ತದೆ. ಕತ್ತರಿಸಿದಾಗ ಮರೆಯಾಗುವುದು ಕೊನೆಯಲ್ಲಿರುವ ಚಂದಾ ಬಿಡುವ ಕೊಂಡಿ. ಅದು ಸಿಗದವರು ಸ್ಪ್ಯಾಮ್ ಒತ್ತುತ್ತಾರೆ. ಪತ್ರದಲ್ಲಿ ನಾನೂರು ಐನೂರು ಪದ ಮಾತ್ರ ಕೊಟ್ಟು ಉಳಿದದ್ದಕ್ಕೆ ತಾಣದ ಕೊಂಡಿ ಕೊಡಿ. ಪೂರ್ತಿ ಲೇಖನವೇ ಬೇಕೆಂದರೆ ಚಂದಾ ಬಿಡುವ ಕೊಂಡಿಯನ್ನು ಮೇಲುಗಡೆಯೂ ಇಡಿ.

ವಿಷಯದ ಸಾಲಿನಲ್ಲಿ ಒಂದು ಅಕ್ಷರದ ಜಾಗದಲ್ಲಿ ಪ್ರಶ್ನಾರ್ಥಕವಿರುವ ವಜ್ರದ ಗುರುತು ಬಂದರೆ ಅದಕ್ಕೂ ಕಾರಣವಿದೆ. ಆ ಸಾಲು 75 ಅಕ್ಷರ ಮೀರದ ತುಂಡುಗಳಾಗಿ ಹೋಗುತ್ತದೆ. ಬೈಟುಗಳನ್ನು ಇಂಗ್ಲಿಷ್ ಅಕ್ಷರ, ಅಂಕಿಗಳಾಗಿ ಬದಲಿಸುವ ಬೇಸ್64ರಲ್ಲಿ ಒಂದು ತುಂಡಿಗೆ ಹಿಡಿಯುವುದು 45 ಬೈಟ್, ಅಂದರೆ 15 ಕನ್ನಡ ಘಟಕ. ಕೆಟ್ಟದಾಗಿ ಬರೆದ ತಂತ್ರಾಂಶ ಕಣ್ಣು ಮುಚ್ಚಿ 45ಕ್ಕೆ ಕತ್ತರಿಸುತ್ತದೆ. ಬರೀ ಕನ್ನಡವಿದ್ದರೆ ಅದು ಸರಿಯಾಗಿ ಘಟಕದ ಅಂಚಿಗೇ ಬೀಳುತ್ತದೆ. ನಡುವೆ ಒಂದು ಬೈಟಿನ ಖಾಲಿ ಜಾಗವೋ ಅಂಕಿಯೋ ಬಂದರೆ ಅಳತೆ ತಪ್ಪಿ ಘಟಕವೇ ಸೀಳುತ್ತದೆ. ಆದ್ದರಿಂದ ಪರೀಕ್ಷೆಗೆ ‘ನಮಸ್ಕಾರ’ ಎಂದು ಕಳಿಸಿ ನೋಡಿದರೆ ಏನೂ ಗೊತ್ತಾಗದು. ಐದಾರು ಪದ, ಒಂದು ಅಂಕಿ, ಒಂದೆರಡು ಒತ್ತಕ್ಷರವಿರುವ ಉದ್ದದ ಸಾಲನ್ನೇ ಕಳಿಸಿ ನೋಡಿ. ಫೋನಿನಲ್ಲಿ ಮೊದಲ ನಾಲ್ಕೈದು ಪದ ಮಾತ್ರ ಕಾಣುವುದರಿಂದ ಮುಖ್ಯ ಮಾತು ಅಲ್ಲೇ ಬರಲಿ.

ವೆಬ್ ಫಾಂಟನ್ನು ಜಿಮೇಲ್ ಒಪ್ಪುವುದಿಲ್ಲ, ಓದುಗರ ಸಾಧನದಲ್ಲಿರುವ ಫಾಂಟೇ ಗತಿ. ವಿಂಡೋಸಿಗೆ ನಿರ್ಮಲಾ ಯುಐ, ಆಮೇಲೆ ತುಂಗಾ ಎಂದು ಹೆಸರು ಕೊಟ್ಟರೆ ಸಾಕು. ಸಾಲಿನ ಎತ್ತರವನ್ನು ಇಂಗ್ಲಿಷಿಗೆ ಇಡುವಂತೆ 1.2 ಇಟ್ಟರೆ ಒತ್ತಕ್ಷರ ಕೆಳಸಾಲಿಗೆ ಬಡಿಯುತ್ತದೆ, 1.6ರಿಂದ 1.7 ಇಡಿ. ಅಕ್ಷರಗಳ ನಡುವೆ ಅಂತರ ಕೊಡುವ ಸೂಚನೆ ಟೆಂಪ್ಲೇಟಿನಲ್ಲಿದ್ದರೆ ಅಳಿಸಿ.

ಲೆಕ್ಕ ನೋಡುವಾಗ

ಎಷ್ಟು ಜನ ತೆರೆದರು ಎಂಬ ಅಂಕಿಯನ್ನು ನಂಬಬೇಡಿ. ಅದನ್ನು ಎಣಿಸುವುದು ಪತ್ರದೊಳಗಿನ ಚಿತ್ರ ಇಳಿದಾಗ. 2021ರ ಸೆಪ್ಟೆಂಬರಿನಲ್ಲಿ ಐಫೋನಿನ ಐಒಎಸ್ 15 ಬಂದಂದಿನಿಂದ, ಖಾಸಗಿತನದ ರಕ್ಷಣೆ ಇಟ್ಟುಕೊಂಡವರ ಆ್ಯಪಲ್ ಮೇಲ್ ಓದುಗ ತೆರೆಯದಿದ್ದರೂ ಚಿತ್ರಗಳನ್ನು ಮೊದಲೇ ತರಿಸಿಕೊಳ್ಳುತ್ತದೆ. ಹೊರದೇಶದ ಕನ್ನಡಿಗರು ಹೆಚ್ಚಿರುವ ಪಟ್ಟಿಯಲ್ಲಿ ಈ ಅಂಕಿ ಇನ್ನೂ ಉಬ್ಬಿರುತ್ತದೆ. ಕ್ಲಿಕ್ಕು, ಉತ್ತರ, ಚಂದಾ ಬಿಟ್ಟವರು, ಈ ಮೂರನ್ನೇ ನೋಡಿ.

ದಿನವೂ ಸುದ್ದಿ, ಮಾರುಕಟ್ಟೆ ಧಾರಣೆ, ಹುದ್ದೆಗಳ ಮಾಹಿತಿ ಕೊಡುವ ತಾಣಕ್ಕೆ ವಾಟ್ಸ್‌ಆ್ಯಪ್ ಚಾನೆಲ್ ಸಾಕು, ಇಮೇಲಿಗೆ ಶ್ರಮ ಹಾಕಬೇಡಿ. ವಾರಕ್ಕೋ ತಿಂಗಳಿಗೋ ಉದ್ದದ ಬರಹ ಕೊಡುವವರು, ಪುಸ್ತಕ ಅಥವಾ ತರಗತಿ ಮಾರುವವರು ಎರಡನ್ನೂ ಇಟ್ಟುಕೊಳ್ಳಲಿ: ಹೊಸಬರು ಚಾನೆಲ್ಲಿಗೆ ಬರಲಿ, ಪ್ರತಿ ಐದಾರು ಸಂದೇಶಕ್ಕೊಮ್ಮೆ ಇಮೇಲ್ ಪತ್ರಕ್ಕೆ ಕರೆ ಇರಲಿ, ಆ ಪತ್ರದಲ್ಲಿ ಚಾನೆಲ್ಲಿನಲ್ಲಿ ಇಲ್ಲದ್ದೇನಾದರೂ ಇರಲಿ. ತಿಂಗಳಿಗೊಂದು ಪತ್ರವನ್ನೂ ತಪ್ಪದೆ ಬರೆಯಲಾಗದವರು ಪಟ್ಟಿ ಮಾಡಲು ಹೊರಡದಿರುವುದು ಒಳ್ಳೆಯದು. ಆರು ತಿಂಗಳ ಮೌನದ ನಂತರ ಬಂದ ಪತ್ರವನ್ನು ಓದುಗರು ಗುರುತಿಸುವುದಿಲ್ಲ.

ಪಟ್ಟಿಯನ್ನು ಪ್ರತಿ ತಿಂಗಳು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯ) ಫೈಲಾಗಿ ಇಳಿಸಿ, ಸೇವೆಯಿಂದ ಹೊರಗೆ ಬೀಗವಿರುವ ಜಾಗದಲ್ಲಿಡಿ. ಆ ಫೈಲನ್ನು ಎಕ್ಸೆಲ್‌ನಲ್ಲಿ ನೇರವಾಗಿ ತೆರೆಯಬೇಡಿ: ಕನ್ನಡದ ಹೆಸರುಗಳು ಗೋಜಲಾಗಿ ಕಾಣಬಹುದು, ಹಾಗೇ ಸೇವ್ ಮಾಡಿದರೆ ಮರಳಿ ಬರುವುದಿಲ್ಲ. ಡೇಟಾ ಮೆನುವಿನಿಂದ ಆಮದು ಮಾಡಿ, ಎನ್‌ಕೋಡಿಂಗ್ ಕೇಳುವಲ್ಲಿ ಯುಟಿಎಫ್-8 ಆರಿಸಿ.