ಗ್ಯಾಸ್ ಮೀಟರ್ ಬದಲಾಯಿಸಿದ್ದಾರಾ? ಹಾಗಿದ್ದರೆ ಬಿಲ್ಲನ್ನು ಕೊನೆಯ ಪುಟದವರೆಗೂ ಓದಿ

ಇಂಗ್ಲೆಂಡಿನಲ್ಲಿ ಹಳೇ ಕಾಲದ ಮನೆಯಲ್ಲಿದ್ದು, ಈಚೆಗೆ ಗ್ಯಾಸ್‌ಗೆ ಸ್ಮಾರ್ಟ್ ಮೀಟರ್ ಹಾಕಿಸಿಕೊಂಡವರು ದಯವಿಟ್ಟು ಇದನ್ನು ಓದಿ. ಗ್ಯಾಸ್ ಕಂಪನಿಯಲ್ಲಿರುವ ನಮ್ಮ ಖಾತೆಯಲ್ಲಿ ಕ್ರೆಡಿಟ್ ಆಗಿ ನಿಂತಿದ್ದ ನಾನೂರು ಚಿಲ್ಲರೆ ಪೌಂಡ್ ಒಂದೇ ಚಳಿಗಾಲದಲ್ಲಿ ಮಾಯವಾಗಿ, ಮೇಲೆ ಬಾಕಿಯೂ ತೋರಿಸಿ, ತಿಂಗಳ ಡೈರೆಕ್ಟ್ ಡೆಬಿಟ್ (ಬ್ಯಾಂಕಿನಿಂದ ಕಂಪನಿಯೇ ಎಳೆದುಕೊಳ್ಳುವ ಮೊತ್ತ) 130 ಪೌಂಡಿನಿಂದ 242ಕ್ಕೆ ಏರಿತು. ನಾವು ಅಷ್ಟು ಗ್ಯಾಸ್ ಸುಟ್ಟೇ ಇರಲಿಲ್ಲ. ಕಂಪನಿಯ ಹೆಸರು ಹಾಕುವುದಿಲ್ಲ. ಹೆಸರಿಗಿಂತ ತಪ್ಪು ಎಲ್ಲಿತ್ತು ಅನ್ನೋದು ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಊರಿಂದ ಹೊಸದಾಗಿ ಬಂದವರಿಗೆ ಮೊದಲು ಒಂದು ಮಾತು. ಬೆಂಗಳೂರಲ್ಲಿ ಮೀಟರ್ ಓದುವವರು ಮನೆಗೇ ಬಂದು, ಕೈಲಿರುವ ಮಷೀನಿನಿಂದ ಬಿಲ್ ಹರಿದು ಕೊಟ್ಟು ಹೋಗುತ್ತಾರೆ. ಉರಿಸಿದಷ್ಟಕ್ಕೆ ದುಡ್ಡು. ಇಲ್ಲಿ ಸಾಮಾನ್ಯವಾಗಿ ವರ್ಷಕ್ಕೆ ನೀವು ಎಷ್ಟು ಬಳಸಬಹುದು ಎಂದು ಅಂದಾಜು ಹಾಕಿ, ಹನ್ನೆರಡರಿಂದ ಭಾಗಿಸಿ, ಪ್ರತಿ ತಿಂಗಳು ಅಷ್ಟನ್ನೇ ಬ್ಯಾಂಕಿನಿಂದ ಎಳೆದುಕೊಳ್ಳುತ್ತಾರೆ. ಬೇಸಿಗೆಯಲ್ಲಿ ಹೀಟಿಂಗ್ ಇಲ್ಲದ್ದರಿಂದ ಕ್ರೆಡಿಟ್ ಕೂಡುತ್ತದೆ, ಡಿಸೆಂಬರ್, ಜನವರಿ, ಫೆಬ್ರವರಿಗಳಲ್ಲಿ ಕರಗುತ್ತದೆ. ಆದ್ದರಿಂದ ಸೆಪ್ಟೆಂಬರಿನಲ್ಲಿ ಕ್ರೆಡಿಟ್ ಕಂಡರೆ ಹಿಗ್ಗಬೇಡಿ, ಮಾರ್ಚಿನಲ್ಲಿ ಒಂದಿಷ್ಟು ಬಾಕಿ ಕಂಡರೆ ಕುಗ್ಗಲೂಬೇಡಿ. ಆದರೆ ಈ ಇಡೀ ಲೆಕ್ಕ ನಿಂತಿರುವುದು ಆ ಒಂದು ವಾರ್ಷಿಕ ಅಂದಾಜಿನ ಮೇಲೆ. ಅದು ತಪ್ಪಿದರೆ ಮುಂದಿನದೆಲ್ಲ ತಪ್ಪು.

ನಮ್ಮದು ಸ್ಲೌ ಊರಿನಲ್ಲಿ ಸಾಲುಮನೆ. ಮೆಟ್ಟಿಲ ಕೆಳಗಿದ್ದ ಗ್ಯಾಸ್ ಮೀಟರ್ ಬಹಳ ಹಳೆಯದು. ಅದನ್ನು ಕಿತ್ತು ಸ್ಮಾರ್ಟ್ ಮೀಟರ್ ಹಾಕಿದರು, ಚಹಾ ಕುಡಿದು ಹೋದರು. ಫೆಬ್ರವರಿಯಲ್ಲಿ ಇಮೇಲ್ ಬಂತು: ನಿಮ್ಮ ಪಾವತಿಯನ್ನು ಪರಿಶೀಲಿಸಿದ್ದೇವೆ, ಇಂಥ ತಾರೀಖಿನಿಂದ 242 ಪೌಂಡ್. ಇಮೇಲಿನ ಧಾಟಿ ಹೇಗಿತ್ತೆಂದರೆ ಏನೋ ಉಪಕಾರ ಮಾಡಿದ ಹಾಗೆ. ನೀವು ಸುಮ್ಮನಿದ್ದರೆ ಒಪ್ಪಿದಿರಿ ಎಂದೇ ಅರ್ಥ.

ಫೋನ್ ಮಾಡಿದರೆ ಆ ಕಡೆಯವರು, 'ಬಳಕೆ ಜಾಸ್ತಿಯಾಗಿದೆ, ಮನೆಯಲ್ಲಿ ಹೊಸಬರು ಯಾರಾದರೂ ಇದ್ದಾರಾ?' ಎಂದರು. ಹಾಸನದಿಂದ ನಮ್ಮ ಅತ್ತೆ ಬಂದಿದ್ದರು. 'ಓ, ಹಾಗಾದರೆ ಅದೇ ಕಾರಣ' ಎಂದು ಕೇಸು ಮುಗಿಸಿದರು. ಅತ್ತೆ ಬೇಜಾರಾಗಿ, 'ನನ್ನ ಸ್ನಾನಕ್ಕೆ ಇಷ್ಟು ಖರ್ಚಾದರೆ ದಿನ ಬಿಟ್ಟು ದಿನ ಮಾಡ್ತೀನಮ್ಮ' ಅಂದುಬಿಟ್ಟರು. ನನಗೆ ನಿಜವಾಗಿ ಸಿಟ್ಟು ಬಂದಿದ್ದು ಆಗ. ಒಬ್ಬ ಮುದುಕಿಯ ಎರಡು ಬಕೆಟ್ ಬಿಸಿನೀರಿಗೆ ತಿಂಗಳಿಗೆ ನೂರು ಪೌಂಡಿಗೂ ಮೇಲೆ ಖರ್ಚಾಗುತ್ತದಾ?

ನಮ್ಮವರು ಬಿಲ್ ಪೂರ್ತಿ ಬಿಡಿಸಿ ಕೂತರು. ಮೊದಲ ಪುಟದಲ್ಲಿ ಎಲ್ಲ ಪೌಂಡಿನ ಮಾತು. ಒಳಗಿನ ಪುಟದಲ್ಲಿ ಗ್ಯಾಸ್ ಲೆಕ್ಕದ ಪಕ್ಕ ಸಣ್ಣಕ್ಷರದಲ್ಲಿ ಘನ ಅಡಿ ಎಂದಿತ್ತು. ಟಾರ್ಚ್ ಹಿಡಿದು ಮೀಟರ್ ನೋಡಿದರೆ ಅದರ ಮೇಲೆ ಘನ ಮೀಟರ್.

ಇದು ಯಾಕೆ ಮುಖ್ಯ ಅಂದರೆ, ಇಲ್ಲಿನ ಹಳೇ ಗ್ಯಾಸ್ ಮೀಟರ್‌ಗಳು ನೂರು ಘನ ಅಡಿಯ ಲೆಕ್ಕದಲ್ಲಿ ಓಡುತ್ತವೆ, ಹೊಸವು ಘನ ಮೀಟರಿನಲ್ಲಿ. ನೂರು ಘನ ಅಡಿ ಎಂದರೆ 2.83 ಘನ ಮೀಟರ್. ಹಾಗಾಗಿ ಹಳೇ ಮೀಟರಿನ ರೀಡಿಂಗನ್ನು ಮೊದಲು 2.83ರಿಂದ ಗುಣಿಸಬೇಕು, ಹೊಸದನ್ನು ಗುಣಿಸಬಾರದು. ನಮ್ಮ ಮನೆಯಲ್ಲಿ ಮೀಟರ್ ಬದಲಾಯಿತು, ಕಂಪನಿಯ ದಾಖಲೆ ಬದಲಾಗಲಿಲ್ಲ. ನಾವು ಒಂದು ಯೂನಿಟ್ ಸುಟ್ಟರೆ ಬಿಲ್ಲಿನಲ್ಲಿ ಮೂರರ ಹತ್ತಿರ.

ನಿಮ್ಮದನ್ನು ನೀವೇ ನೋಡಿಕೊಳ್ಳಬಹುದು. ಘನ ಮೀಟರನ್ನು 1.02264ರಿಂದ ಗುಣಿಸಿ, ಬಿಲ್ಲಿನಲ್ಲೇ ಕೊಟ್ಟಿರುವ ಕ್ಯಾಲೊರಿಫಿಕ್ ವ್ಯಾಲ್ಯೂದಿಂದ (ಗ್ಯಾಸ್ ಉರಿದಾಗ ಎಷ್ಟು ಶಾಖ ಕೊಡುತ್ತದೆ ಎಂಬ ಅಂಕಿ, 39.5ರ ಆಸುಪಾಸು ಇರುತ್ತದೆ) ಗುಣಿಸಿ, 3.6ರಿಂದ ಭಾಗಿಸಿದರೆ ಕಿಲೋವ್ಯಾಟ್ ಗಂಟೆ. ಅಷ್ಟು ತಾಳ್ಮೆ ಇಲ್ಲದವರು ಒಂದು ಘನ ಮೀಟರಿಗೆ ಹನ್ನೊಂದು ಕಿಲೋವ್ಯಾಟ್ ಗಂಟೆ ಚಿಲ್ಲರೆ ಎಂದಿಟ್ಟುಕೊಳ್ಳಿ. ತಿಂಗಳಿಗೆ 120 ಘನ ಮೀಟರ್ ಸುಟ್ಟರೆ ಸುಮಾರು 1,346 ಕಿಲೋವ್ಯಾಟ್ ಗಂಟೆ. ಆರು ಪೆನ್ನಿಯ ದರದಲ್ಲಿ 81 ಪೌಂಡ್. ಅದೇ 120ನ್ನು ಘನ ಅಡಿ ಮೀಟರಿನ ರೀಡಿಂಗ್ ಎಂದು ಓದಿದರೆ 3,810. ಅಂದರೆ 229 ಪೌಂಡ್. ನಿಯಂತ್ರಕ ಸಂಸ್ಥೆಯಾದ ಆಫ್‌ಜೆಮ್ ಮಧ್ಯಮ ಬಳಕೆಯ ಮನೆಗೆ ವರ್ಷಕ್ಕೆ 11,500 ಕಿಲೋವ್ಯಾಟ್ ಗಂಟೆ ಗ್ಯಾಸ್ ಎಂದು 2023ರಲ್ಲಿ ಲೆಕ್ಕ ಹಿಡಿದಿತ್ತು. ನಮ್ಮ ಎರಡು ಬೆಡ್‌ರೂಮಿನ ಮನೆಗೆ ಕಂಪನಿ ಹಾಕಿದ್ದ ವಾರ್ಷಿಕ ಅಂದಾಜು 27,000. ಅದನ್ನು ನೋಡಿ ಯಾರಿಗೂ ಅನುಮಾನ ಬರಲಿಲ್ಲವಲ್ಲ! ಇನ್ನು ಬೆಲೆಗೆ ಪ್ರೈಸ್ ಕ್ಯಾಪ್ ಇದೆಯಲ್ಲ ಅಂತ ನೆಮ್ಮದಿಯಾಗಿರಬೇಡಿ. 2019ರಿಂದ ಇರುವ ಆ ಮಿತಿ ಯೂನಿಟ್ ದರಕ್ಕೆ ಮತ್ತು ಸ್ಟ್ಯಾಂಡಿಂಗ್ ಚಾರ್ಜಿಗೆ (ಬಳಸಲಿ ಬಿಡಲಿ, ದಿನಕ್ಕಿಷ್ಟು ಎಂದು ಕಟ್ಟಬೇಕಾದ ದುಡ್ಡು). ನಿಮ್ಮ ಬಿಲ್ಲಿನ ಮೊತ್ತಕ್ಕೆ ಯಾವ ಮಿತಿಯೂ ಇಲ್ಲ.

ಮೀಟರಿನ ಮುಖ, ಸೀರಿಯಲ್ ನಂಬರ್, ಬಿಲ್ಲಿನ ಆ ಸಾಲು, ಮೂರರ ಫೋಟೊ ಹಾಕಿ ಕಳಿಸಿದೆವು. ಇಲ್ಲಿ ಒಂದು ಸೂಕ್ಷ್ಮ ಇದೆ. 'ವಿಚಾರಿಸುತ್ತಿದ್ದೇವೆ' ಎಂದು ಬರೆದರೆ ಅದು ವಿಚಾರಣೆಯಾಗಿ ಎಲ್ಲೋ ಕೂತಿರುತ್ತದೆ. ಇದು ಕಂಪ್ಲೇಂಟ್ ಎಂದು ಸ್ಪಷ್ಟವಾಗಿ ಬರೆಯಿರಿ, ನಂಬರ್ ಕೇಳಿ ಪಡೆಯಿರಿ. ಎಂಟು ವಾರದಲ್ಲಿ ಬಗೆಹರಿಯದಿದ್ದರೆ, ಅಥವಾ ಇನ್ನೇನೂ ಮಾಡಲಾಗದು ಎಂದು ಅವರೇ ಡೆಡ್‌ಲಾಕ್ ಪತ್ರ ಕೊಟ್ಟರೆ, ಇಂಥ ಜಗಳ ಬಗೆಹರಿಸುವ ಸ್ವತಂತ್ರ ಸಂಸ್ಥೆಯಾದ ಎನರ್ಜಿ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಖರ್ಚಿಲ್ಲ. ಅವರ ತೀರ್ಪನ್ನು ನೀವು ಒಪ್ಪಿದರೆ ಕಂಪನಿ ಪಾಲಿಸಲೇಬೇಕು.

ಕಂಪನಿಯಲ್ಲಿ ನಮಗೆ ಸಿಕ್ಕ ಒಬ್ಬರು, 'ಹನ್ನೆರಡು ತಿಂಗಳಿಗಿಂತ ಹಿಂದಿನದನ್ನು ಸರಿಪಡಿಸುವ ನಿಯಮ ಇಲ್ಲ' ಎಂದು ಒಂದು ಮಾತು ಎಸೆದರು. ನಮ್ಮ ತಪ್ಪು ಅಷ್ಟು ಹಳೆಯದಲ್ಲ, ಆದರೂ ಇದನ್ನು ಹೇಳಬೇಕು. ಆ ಹನ್ನೆರಡು ತಿಂಗಳ ನಿಯಮ ಇರುವುದು ಗ್ರಾಹಕರ ರಕ್ಷಣೆಗೆ: ಕಂಪನಿ ತನ್ನ ತಪ್ಪಿನಿಂದ ಬಿಲ್ ಮಾಡದೆ ಬಿಟ್ಟದ್ದನ್ನು ವರ್ಷದಾಚೆಗೆ ನಿಮ್ಮಿಂದ ಕೇಳುವಂತಿಲ್ಲ. ಅವರು ನಿಮ್ಮಿಂದ ಹೆಚ್ಚು ತೆಗೆದುಕೊಂಡದ್ದನ್ನು ನುಂಗಿಕೊಳ್ಳಲಿಕ್ಕಲ್ಲ.

ಕೊನೆಗೆ ಎಲ್ಲ ಬಿಲ್ ರದ್ದು ಮಾಡಿ ಹೊಸದಾಗಿ ಬರೆದರು. ಬಾಕಿ ಹೋಗಿ ಮತ್ತೆ ಕ್ರೆಡಿಟ್ ಕಂಡಿತು. ವಾಪಸ್ ಕೊಡಿ ಎಂದರೆ, ಮುಂದಿನ ಚಳಿಗಾಲಕ್ಕೆ ಇರಲಿ ಎಂಬ ಉಪದೇಶ. ಕ್ರೆಡಿಟ್ ನಿಮ್ಮ ದುಡ್ಡು. ನೀವು ಕೇಳಿದರೆ ಕೊಡಬೇಕು, ಇಟ್ಟುಕೊಳ್ಳುವುದಾದರೆ ನ್ಯಾಯವಾದ ಕಾರಣ ಹೇಳಬೇಕು ಎಂದು ಅವರ ಲೈಸೆನ್ಸಿನ ಷರತ್ತೇ ಇದೆ. ಅದನ್ನು ಬರೆದು ಆ ದಿನದ ರೀಡಿಂಗ್ ಫೋಟೊ ಜೊತೆ ಕಳಿಸಿದ ಮೇಲೆ ದುಡ್ಡು ಬಂತು, ಡೈರೆಕ್ಟ್ ಡೆಬಿಟ್ ಕೂಡ ಹಳೇ ಮೊತ್ತಕ್ಕೆ ಇಳಿಯಿತು.

ಈ ನಡುವೆ ಗೆಳೆಯರೆಲ್ಲ ಕೊಟ್ಟ ಸಲಹೆ, 'ಬ್ಯಾಂಕ್ ಆಪ್‌ನಲ್ಲಿ ಡೈರೆಕ್ಟ್ ಡೆಬಿಟ್ ಕ್ಯಾನ್ಸಲ್ ಮಾಡಿ ಬಿಸಾಕಿ'. ಒಂದು ಬಟನ್ ಒತ್ತಿದರೆ ಆಗುವ ಕೆಲಸ ನಿಜ. ಆದರೆ ಕಂಪನಿಯ ದಾಖಲೆಯಲ್ಲಿ ಬಾಕಿ ಬೆಳೆಯುತ್ತಲೇ ಇರುತ್ತದೆ, ದರವೂ ಡೈರೆಕ್ಟ್ ಡೆಬಿಟ್ಟಿನವರಿಗಿಂತ ದುಬಾರಿಯಾಗಬಹುದು, ಕ್ರೆಡಿಟ್ ರಿಪೋರ್ಟಿಗೆ ಕಪ್ಪು ಚುಕ್ಕೆ ಬಿದ್ದರೆ ಮುಂದೆ ಮಾರ್ಟ್‌ಗೇಜ್ ಕೇಳುವಾಗ ಕಾಡುತ್ತದೆ. ಡೈರೆಕ್ಟ್ ಡೆಬಿಟ್ ಗ್ಯಾರಂಟಿ ಎಂಬುದಿದೆ. ಹೇಳದೆ ಕೇಳದೆ ಮೊತ್ತ ಬದಲಿಸಿದ್ದರೆ, ಹೇಳಿದ್ದಕ್ಕಿಂತ ಹೆಚ್ಚು ಎಳೆದಿದ್ದರೆ ಬ್ಯಾಂಕೇ ಪೂರ್ತಿ ಹಣ ವಾಪಸ್ ಹಾಕುತ್ತದೆ. ಆದರೆ ಬಿಲ್ಲಿನ ಲೆಕ್ಕದ ಜಗಳಕ್ಕೆ ಅದು ಮದ್ದಲ್ಲ.

ಕೆಲಸ ಮುಗಿಸಿ ಭಾರತಕ್ಕೆ ವಾಪಸ್ ಹೊರಟವರು ಇನ್ನೂ ಜೋಪಾನ. ಕೊನೆಯ ಬಿಲ್ಲಿಗೆ ಆರು ವಾರದವರೆಗೆ, ಆಮೇಲೆ ಕ್ರೆಡಿಟ್ ವಾಪಸ್ಸಿಗೆ ಇನ್ನೂ ಹತ್ತು ಕೆಲಸದ ದಿನ ಹಿಡಿಯಬಹುದು. ಅಷ್ಟರಲ್ಲಿ ಇಲ್ಲಿನ ಬ್ಯಾಂಕ್ ಖಾತೆ ಮುಚ್ಚಿದರೆ, ಬಿಟ್ಟು ಬಂದ ಮನೆಯ ವಿಳಾಸಕ್ಕೆ ಚೆಕ್ ಹೋಗಬಹುದು. ಪರಿಚಯದ ಒಂದು ಕುಟುಂಬಕ್ಕೆ ಹೀಗೇ ಆಗಿ, ಅವರು ಮೈಸೂರಿನಲ್ಲಿ ಕೂತು ಸ್ಲೌನ ಚೆಕ್ಕಿಗೆ ಪರದಾಡಿದರು. ಬೀಗದ ಕೈ ಕೊಡುವ ದಿನ ಗ್ಯಾಸ್, ಕರೆಂಟ್ ಎರಡೂ ಮೀಟರಿನ ಫೋಟೊ ತೆಗೆಯಿರಿ, ಖಾತೆಯನ್ನು ಕೊನೆಯ ಪೌಂಡ್ ಬರುವ ತನಕ ತೆರೆದಿಡಿ.

ಪಕ್ಕದ ಮನೆಯ ಪಂಜಾಬಿ ಅಜ್ಜಿಗೂ ನಮ್ಮದೇ ವಾರದಲ್ಲಿ ಮೀಟರ್ ಬದಲಾಯಿಸಿದ್ದರು. ಅವರ ಬಿಲ್ ತೆಗೆಸಿ ನೋಡಿದರೆ ಅದರಲ್ಲೂ ಘನ ಅಡಿ. ಅವರ ಕಂಪ್ಲೇಂಟನ್ನು ಈಗ ನಮ್ಮವರೇ ಬರೆದುಕೊಡುತ್ತಿದ್ದಾರೆ.